ಗ್ರಾಫ್ ಮೇಲೆ ಬಣ್ಣಬಣ್ಣದ ಲೇಟೆಕ್ ಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಹತ್ತಿರ ಬಂತೆಂದರೆ ಸಾಕು, ಗ್ರಾಫ್‌ನ ಒಂದೇ ಲೇಬಲ್‌ಗೆ ಎರಡು ಬಣ್ಣ ಹಾಕುವ ಪ್ರಶ್ನೆ ನನ್ನ ಹತ್ತಿರ ಬಂದೇ ಬರುತ್ತದೆ. ಮೇಲ್‌ನಲ್ಲಿ ಬಂದವು, ಲ್ಯಾಬ್‌ನಲ್ಲಿ ಪಕ್ಕ ಕೂತು ಕೇಳಿದವು, ಸೆಮಿನಾರ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದವು, ಎಲ್ಲವನ್ನೂ ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಲೇಟೆಕ್ ಅಂದರೆ ಸಮೀಕರಣ, ಥೀಸಿಸ್ ಎಲ್ಲ ಅಚ್ಚುಕಟ್ಟಾಗಿ ಜೋಡಿಸುವ ಸಾಫ್ಟ್‌ವೇರ್, ಅದರ ಬುಡದಲ್ಲಿರುವುದು ಟೆಕ್. ಮ್ಯಾಟ್‌ಪ್ಲಾಟ್‌ಲಿಬ್ ಅಂದರೆ ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ.

ಒಂದು ಸೂಚನೆ: ಕಮಾಂಡ್, ಪ್ಯಾಕೇಜ್, ಬಣ್ಣದ ಕೋಡ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳಿ.

## ಶುರುವಿಗೆ

ಲೆಜೆಂಡ್ ಇದ್ದೇ ಇರುತ್ತಲ್ಲ ಸರ್, ಒಂದೇ ಸಾಲಲ್ಲಿ ಎರಡು ಬಣ್ಣ ಯಾಕೆ ಬೇಕು?

ಸ್ಪ್ರಿಂಗ್‌ಗೆ ಕಟ್ಟಿದ ಒಂದು ತೂಕ ಆಡುತ್ತಿದೆ ಅಂದುಕೊಳ್ಳಿ. ಗ್ರಾಫ್‌ನಲ್ಲಿ ಎರಡು ಗೆರೆ: ಒಂದು ಚಲನ ಶಕ್ತಿ, ಇನ್ನೊಂದು ಪ್ರಚ್ಛನ್ನ ಶಕ್ತಿ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಮೇಲೆ ಶೀರ್ಷಿಕೆಯಲ್ಲಿ ಸಮೀಕರಣ ಇದೆ: ಒಟ್ಟು ಶಕ್ತಿ ಅಂದರೆ ಅರ್ಧ ಎಂ ವಿ ವರ್ಗ, ಅದಕ್ಕೆ ಕೂಡಿಸಿ ಅರ್ಧ ಕೆ ಎಕ್ಸ್ ವರ್ಗ.

ಈಗ ಆ ಸಮೀಕರಣದ ಮೊದಲ ಪದಕ್ಕೆ ಮೊದಲ ಗೆರೆಯ ನೀಲಿ, ಎರಡನೆಯ ಪದಕ್ಕೆ ಎರಡನೆಯ ಗೆರೆಯ ಕಿತ್ತಳೆ ಬಣ್ಣ ಕೊಡಿ. ಲೆಜೆಂಡ್ ತೆಗೆದುಹಾಕಿ. ನೋಡುವವರ ಕಣ್ಣು ಸಮೀಕರಣದಿಂದ ನೇರ ಗೆರೆಗೆ ಹೋಗುತ್ತದೆ. ಯಾವ ಗೆರೆ ಯಾವುದು ಅಂತ ಮೂಲೆಯ ಡಬ್ಬಿಯನ್ನು ನೋಡಿ ವಾಪಸ್ ಬರುವ ಕೆಲಸ ಇಲ್ಲ. ಸೆಮಿನಾರ್‌ನಲ್ಲಿ ಒಂದು ಸ್ಲೈಡ್‌ಗೆ ಸಿಗುವುದೇ ಒಂದು ನಿಮಿಷ. ಆ ನಿಮಿಷದಲ್ಲಿ ಇದರಿಂದ ಆಗುವ ಉಪಕಾರ ದೊಡ್ಡದು.

ಬರೀ ಲೆಜೆಂಡ್‌ನ ಅಕ್ಷರಗಳಿಗೆ ಗೆರೆಯ ಬಣ್ಣ ಸಾಕು ಅಂದರೆ ಇಷ್ಟೆಲ್ಲ ಬೇಡ. ಮ್ಯಾಟ್‌ಪ್ಲಾಟ್‌ಲಿಬ್ 3.3ರಿಂದ ಲೆಜೆಂಡ್‌ಗೆ ಲೇಬಲ್‌ಕಲರ್ ಅನ್ನುವ ಆಯ್ಕೆ ಇದೆ. ಅದಕ್ಕೆ ಲೈನ್‌ಕಲರ್ ಅಂತ ಕೊಟ್ಟರೆ ಮುಗಿಯಿತು.

ಲೇಟೆಕ್ ಫೈಲ್‌ನಲ್ಲಿ ಬಣ್ಣ ಬರುತ್ತೆ, ಅದೇ ಸಾಲನ್ನ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಹಾಕಿದ್ರೆ ಎರರ್. ಯಾಕೆ ಹೀಗೆ?

ಈ ಇಡೀ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅಕ್ಷರವನ್ನು ಕೊನೆಗೆ ಬರೆಯುತ್ತಿರುವುದು ಯಾರು?

ಡಾಲರ್ ಚಿಹ್ನೆಗಳ ನಡುವೆ ಸಮೀಕರಣ ಹಾಕಿದ ತಕ್ಷಣ ಲೇಟೆಕ್ ಓಡುತ್ತಿದೆ ಅಂತ ಅನಿಸುತ್ತದೆ. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸುಮ್ನೆ ಹಾಗೆ ಬರೆದರೆ ಓಡುವುದು ಲೇಟೆಕ್ ಅಲ್ಲ, ಮ್ಯಾತ್‌ಟೆಕ್ಸ್ಟ್ ಅನ್ನುವ ಅದರದ್ದೇ ಸಣ್ಣ ವ್ಯವಸ್ಥೆ. ಅದಕ್ಕೆ ಟೆಕ್ ಭಾಷೆಯ ಒಂದು ಭಾಗ ಮಾತ್ರ ಗೊತ್ತು. ಗ್ರೀಕ್ ಅಕ್ಷರ, ಭಿನ್ನರಾಶಿ, ವರ್ಗಮೂಲ ಎಲ್ಲ ಬರುತ್ತದೆ. ಬಣ್ಣ ಹಾಕುವ ಲೇಟೆಕ್ ಕಮಾಂಡ್ ಆದ ಟೆಕ್ಸ್ಟ್‌ಕಲರ್ ಬರುವುದಿಲ್ಲ. ಅದಕ್ಕೇ ಗೊತ್ತಿಲ್ಲದ ಚಿಹ್ನೆ ಅಂತ ದೂರುತ್ತದೆ. ನಿಮ್ಮ ಸಾಲು ಸರಿಯಾಗೇ ಇದೆ, ಅದನ್ನು ಓದುತ್ತಿರುವವರು ಬೇರೆ.

ಹಾಗಂತ ಮ್ಯಾತ್‌ಟೆಕ್ಸ್ಟ್ ಕಳಪೆ ಅಲ್ಲ. ಲೇಟೆಕ್ ಇಲ್ಲದ ಕಂಪ್ಯೂಟರ್‌ನಲ್ಲೂ ಅದು ನಡೆಯುತ್ತದೆ, ಬೇಗವೂ ಆಗುತ್ತದೆ. ಬಣ್ಣ ಬೇಕಾದಾಗ ಮಾತ್ರ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು.

ಪದದ ಬದಲು "ಎಕ್ಸ್ಟ್‌ಕಲರ್" ಅಂತ ಪ್ರಿಂಟ್ ಆಗಿದೆ. ಮೊದಲನೇ ಅಕ್ಷರ ಎಲ್ಲಿ ಹೋಯ್ತು?

ಪೈಥಾನ್ ಅದನ್ನು ಟ್ಯಾಬ್ ಅಂತ ಓದಿಕೊಂಡಿತು. ಮಾಮೂಲಿ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಟಿ ಬಂದರೆ ಟ್ಯಾಬ್ ಎಂದರ್ಥ. ಹಾಗಾಗಿ ಟೆಕ್ಸ್ಟ್‌ಕಲರ್‌ನ ತಲೆ ಹೋಗಿ ಬಾಲ ಉಳಿಯಿತು. ಇದೇ ರೀತಿ ನ್ಯೂ ಬರೆದರೆ ಹೊಸ ಸಾಲು, ಬೀಟಾ ಬರೆದರೆ ಬ್ಯಾಕ್‌ಸ್ಪೇಸ್, ಫ್ರ್ಯಾಕ್ ಬರೆದರೆ ಫಾರ್ಮ್ ಫೀಡ್, ಆಲ್ಫಾ ಬರೆದರೆ ಗಂಟೆಯ ಸದ್ದಿನ ಚಿಹ್ನೆ. ಗಾಮಾ ಮಾತ್ರ ಸರಿಯಾಗಿ ಬರುತ್ತದೆ, ಯಾಕೆಂದರೆ ಬ್ಯಾಕ್‌ಸ್ಲ್ಯಾಶ್ ಜಿಗೆ ಪೈಥಾನ್‌ನಲ್ಲಿ ವಿಶೇಷ ಅರ್ಥ ಇಲ್ಲ. ಈ ಕಾರಣಕ್ಕೇ "ನಿನ್ನೆ ಬಂತು, ಇವತ್ತು ಬರ್ತಿಲ್ಲ" ಅಂತ ಗಾಬರಿಯಾಗುವುದು: ನಿನ್ನೆ ಗಾಮಾ ಇತ್ತು, ಇವತ್ತು ಬೀಟಾ.

ಪರಿಹಾರ ಒಂದೇ ಅಕ್ಷರ. ಸ್ಟ್ರಿಂಗ್‌ನ ಕೋಟ್ ಚಿಹ್ನೆಗೆ ಮುಂಚೆ ಆರ್ ಹಾಕಿ, ಅದು ರಾ ಸ್ಟ್ರಿಂಗ್ ಆಗುತ್ತದೆ. ಬ್ಯಾಕ್‌ಸ್ಲ್ಯಾಶ್ ಇದ್ದ ಕಡೆಯೆಲ್ಲ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಗ್ನುಪ್ಲಾಟ್ ಅನ್ನುವ ಗ್ರಾಫ್ ಸಾಫ್ಟ್‌ವೇರ್‌ನಲ್ಲೂ ಇದೇ ಕಾಟ ಇದೆ. ಅಲ್ಲಿ ಡಬಲ್ ಕೋಟ್ ಬಿಟ್ಟು ಸಿಂಗಲ್ ಕೋಟ್ ಹಾಕಿದರೆ ಸಾಕು.

## ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ

ಯೂಸ್‌ಟೆಕ್ಸ್ ಟ್ರೂ ಮಾಡಿದೆ. ಎರರ್ ಹೋಯ್ತು, ಆದ್ರೆ ಎಲ್ಲಾ ಕಪ್ಪಾಗೇ ಇದೆ!

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಯೂಸ್‌ಟೆಕ್ಸ್ ಅಂದರೆ ಬರಹವನ್ನು ಲೇಟೆಕ್‌ಗೆ ಕೊಡು ಅನ್ನುವ ಮ್ಯಾಟ್‌ಪ್ಲಾಟ್‌ಲಿಬ್ ಸೆಟ್ಟಿಂಗ್. ಅದನ್ನು ಹಾಕಿದಾಗ ನಿಜವಾದ ಲೇಟೆಕ್ ಓಡುತ್ತದೆ, ಸಂಶಯ ಇಲ್ಲ. ಅಕ್ಷರ ಎಲ್ಲೆಲ್ಲಿ ಕೂರಬೇಕೆಂದು ಹೇಳುವ ಡಿವಿಐ ಅನ್ನುವ ಫೈಲನ್ನು ಅದು ಮಾಡಿಕೊಡುತ್ತದೆ. ಅದರೊಳಗೆ ನಿಮ್ಮ ಬಣ್ಣದ ಸೂಚನೆಯೂ ಇರುತ್ತದೆ. ಎಡವಟ್ಟು ಆಗುವುದು ಆಮೇಲೆ.

ಪಿಎನ್‌ಜಿ ಉಳಿಸುವಾಗ ಡಿವಿಐಪಿಎನ್‌ಜಿ ಅನ್ನುವ ಪ್ರೋಗ್ರಾಂ ಆ ಬರಹವನ್ನು ಚಿತ್ರ ಮಾಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಆ ಚಿತ್ರದಿಂದ ಅಕ್ಷರದ ಆಕಾರವನ್ನಷ್ಟೇ ತೆಗೆದುಕೊಂಡು, ತನ್ನ ಹತ್ತಿರ ಇರುವ ಒಂದು ಬಣ್ಣವನ್ನು ಅದಕ್ಕೆ ತುಂಬುತ್ತದೆ. ರಂಗೋಲಿ ಅಚ್ಚು ಇದ್ದ ಹಾಗೆ: ಅಚ್ಚಿನ ತಗಡು ಯಾವ ಬಣ್ಣದ್ದಾದರೂ ನೆಲದ ಮೇಲೆ ಬೀಳುವುದು ನೀವು ಹಾಕಿದ ಪುಡಿ. ಪಿಡಿಎಫ್ ಉಳಿಸುವಾಗ ಡಿವಿಐ ಫೈಲನ್ನು ಮ್ಯಾಟ್‌ಪ್ಲಾಟ್‌ಲಿಬ್ ತಾನೇ ಓದುತ್ತದೆ, ಬಣ್ಣದ ಸೂಚನೆಯನ್ನು ದಾಟಿ ಮುಂದೆ ಹೋಗುತ್ತದೆ. ಎರಡರಲ್ಲೂ ಫಲ ಒಂದೇ, ಇಡೀ ಸಾಲಿಗೆ ಒಂದು ಬಣ್ಣ.

ಯೂಸ್‌ಟೆಕ್ಸ್ ಜೊತೆ ಬಣ್ಣ ಉಳಿಯುವುದು ಇಪಿಎಸ್ ಆಗಿ ಉಳಿಸಿದಾಗ. ಅಲ್ಲಿ ಬರಹವನ್ನು ಪಿಎಸ್‌ಫ್ರ್ಯಾಗ್ ಅನ್ನುವ ಪ್ಯಾಕೇಜ್ ಮೂಲಕ ಲೇಟೆಕ್‌ ಕೈಗೇ ಒಪ್ಪಿಸಲಾಗುತ್ತದೆ. ಪ್ರಿಯಾಂಬಲ್‌ನಲ್ಲಿ, ಅಂದರೆ ಲೇಟೆಕ್‌ಗೆ ಮೊದಲೇ ಕೊಡುವ ಸೂಚನೆಗಳ ಭಾಗದಲ್ಲಿ, ಕಲರ್ ಪ್ಯಾಕೇಜ್ ಸೇರಿಸಲು ಮರೆಯಬೇಡಿ. ಇಪಿಎಸ್ ಕೇಳುವ ಜರ್ನಲ್ ಆಗಿದ್ದರೆ ಈ ದಾರಿ ಸಾಕು. ಉಳಿದವರಿಗೆ ಮುಂದಿನ ಉತ್ತರ.

ಹಾಗಾದ್ರೆ ಪಿಡಿಎಫ್‌ನಲ್ಲಿ ಬಣ್ಣ ಬರೋ ದಾರಿ ಯಾವುದು? ಒಂದೇ ಹೇಳಿ ಸಾಕು.

ಪಿಜಿಎಫ್ ಬ್ಯಾಕೆಂಡ್. ಬ್ಯಾಕೆಂಡ್ ಅಂದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕೊನೆಗೆ ಚಿತ್ರ ಬರೆಯುವ ಭಾಗ. ಪಿಜಿಎಫ್ ಇಡೀ ಗ್ರಾಫನ್ನೇ ಲೇಟೆಕ್‌ಗೆ ಅರ್ಥವಾಗುವ ಚಿತ್ರವಾಗಿ ಬರೆಯುತ್ತದೆ. ಗೆರೆ, ಅಕ್ಷ, ಅಕ್ಷರ ಎಲ್ಲವನ್ನೂ ಕೊನೆಗೆ ಲೇಟೆಕ್ ಬಿಡಿಸುತ್ತದೆ. ನಡುವೆ ಬಣ್ಣ ಕಳೆದುಹೋಗಲು ಜಾಗವೇ ಇಲ್ಲ.

ಹೀಗೆ ಮಾಡಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಟ್ಟಿಂಗ್ ಪಟ್ಟಿಯಾದ ಆರ್‌ಸಿಪ್ಯಾರಮ್ಸ್‌ನಲ್ಲಿ ಪಿಜಿಎಫ್ ಡಾಟ್ ಪ್ರಿಯಾಂಬಲ್ ಅನ್ನುವುದಕ್ಕೆ, ಲೇಟೆಕ್‌ನಲ್ಲಿ ಬಣ್ಣ ಕೊಡುವ ಎಕ್ಸ್‌ಕಲರ್ ಪ್ಯಾಕೇಜ್ ಕರೆಯುವ ಸಾಲು ಹಾಕಿ. ಪಿಜಿಎಫ್ ಡಾಟ್ ಆರ್‌ಸಿಫಾಂಟ್ಸ್ ಅನ್ನು ಫಾಲ್ಸ್ ಮಾಡಿ, ಆಗ ಅಕ್ಷರಗಳು ಲೇಟೆಕ್‌ನ ಫಾಂಟ್‌ನಲ್ಲಿ ಬರುತ್ತವೆ. ಪಿಜಿಎಫ್ ಡಾಟ್ ಟೆಕ್‌ಸಿಸ್ಟಂ ಎಂಬಲ್ಲಿ ನೀವು ಏನೂ ಹೇಳದಿದ್ದರೆ ಲೇಟೆಕ್‌ನ ಒಂದು ರೂಪವಾದ ಜೀಲೇಟೆಕ್ ಓಡುತ್ತದೆ, ಇನ್ನೊಂದು ರೂಪವಾದ ಪಿಡಿಎಫ್‌ಲೇಟೆಕ್ ಬೇಕಿದ್ದರೆ ಹೇಳಬೇಕು. ಆಮೇಲೆ ಸೇವ್‌ಫಿಗ್‌ಗೆ ಫೈಲ್ ಹೆಸರಿನ ಜೊತೆ ಬ್ಯಾಕೆಂಡ್ ಪಿಜಿಎಫ್ ಅಂತ ಕೊಡಿ. ಶೀರ್ಷಿಕೆಯಲ್ಲಿ ಟೆಕ್ಸ್ಟ್‌ಕಲರ್, ಒಂದು ಕರ್ಲಿ ಬ್ರ್ಯಾಕೆಟ್‌ನಲ್ಲಿ ಬಣ್ಣದ ಹೆಸರು, ಇನ್ನೊಂದರಲ್ಲಿ ಬಣ್ಣ ಬೇಕಾದ ಪದ.

ಲೇಟೆಕ್ ಓಡಬೇಕಾದ್ದರಿಂದ ಸ್ವಲ್ಪ ನಿಧಾನ ಆಗುತ್ತದೆ. ಆದರೆ ಇದಕ್ಕೊಂದು ದೊಡ್ಡ ಲಾಭ ಇದೆ. ಡಾಟ್ ಪಿಜಿಎಫ್ ಅಂತಲೇ ಉಳಿಸಿ, ಥೀಸಿಸ್ ಫೈಲ್‌ನಲ್ಲಿ ಇನ್‌ಪುಟ್ ಕಮಾಂಡ್‌ನಿಂದ ಸೇರಿಸಿದರೆ ಗ್ರಾಫ್‌ನ ಅಕ್ಷರ ಮತ್ತು ಥೀಸಿಸ್‌ನ ಅಕ್ಷರ ಒಂದೇ ಫಾಂಟ್ ಆಗುತ್ತದೆ. ಒಮ್ಮೆ ಹಾಗೆ ನೋಡಿದ ಮೇಲೆ ಬೇರೆ ತರಹದ ಗ್ರಾಫ್ ಅಂಟಿಸಲು ಮನಸ್ಸು ಬರುವುದಿಲ್ಲ.

ಪಿಜಿಎಫ್ ಹಾಕಿದ್ಮೇಲೆ ಪ್ಲಾಟ್ ವಿಂಡೋನೇ ಬರ್ತಿಲ್ಲ.

ಬರುವುದಿಲ್ಲ. ಅದು ಫೈಲ್ ಉಳಿಸಲು ಮಾತ್ರ ಇರುವ ಬ್ಯಾಕೆಂಡ್. ಸ್ಕ್ರೀನ್ ಮೇಲೆ ನೋಡುವಾಗ ಬಣ್ಣದ ಕಮಾಂಡ್ ಇಲ್ಲದ ಸಾದಾ ಶೀರ್ಷಿಕೆ ಇಟ್ಟು ಕೆಲಸ ಮಾಡಿ. ಉಳಿಸುವ ಮುಂಚೆ ಬಣ್ಣದ ಶೀರ್ಷಿಕೆ ಹಾಕಿ.

ಲ್ಯಾಬ್ ಕಂಪ್ಯೂಟರ್‌ನಲ್ಲಿ ಲೇಟೆಕ್ ಇಲ್ಲ, ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ. ಬೇರೆ ದಾರಿ ಇಲ್ವಾ?

ಇದೆ. ಸಾಲನ್ನು ತುಂಡು ಮಾಡಿ, ಪ್ರತಿ ತುಂಡಿಗೆ ಬೇರೆ ಬಣ್ಣ ಕೊಟ್ಟು, ಪಕ್ಕಪಕ್ಕ ಜೋಡಿಸಿ. ಪ್ರತಿ ತುಂಡನ್ನೂ ಮ್ಯಾತ್‌ಟೆಕ್ಸ್ಟ್ ಬರೆಯುವುದರಿಂದ ಸಮೀಕರಣವೂ ಬರುತ್ತದೆ.

ಮೊದಲ ತುಂಡನ್ನು ಟೆಕ್ಸ್ಟ್ ಆಗಿ ಇಡಿ. ಎರಡನೆಯದನ್ನು ಆನೊಟೇಟ್ ಆಗಿ ಇಟ್ಟು, ಅದರ ಎಕ್ಸ್‌ವೈಕೋಆರ್ಡ್ಸ್ ಜಾಗದಲ್ಲಿ ಮೊದಲ ತುಂಡನ್ನೇ ಕೊಡಿ. ಎಕ್ಸ್‌ವೈ ಬೆಲೆ 1, 0 ಕೊಟ್ಟರೆ ಅದು ಮೊದಲ ತುಂಡಿನ ಬಲ ತುದಿಗೆ ಹೋಗಿ ಕೂರುತ್ತದೆ. ಮೂರನೆಯದಕ್ಕೆ ಎರಡನೆಯದನ್ನು ಕೊಡಿ. ಹೂ ಕಟ್ಟಿದ ಹಾಗೆ, ಒಂದಕ್ಕೆ ಒಂದು. ಅಳತೆ ಲೆಕ್ಕ ಹಾಕುವ ಕೆಲಸ ನಿಮಗಿಲ್ಲ, ಫಾಂಟ್ ದೊಡ್ಡದು ಮಾಡಿದರೂ ಜೋಡಣೆ ತಪ್ಪುವುದಿಲ್ಲ.

ಒಂದು ಕಡೆ ಹುಷಾರಾಗಿರಿ. ಹೀಗೆ ಜೋಡಿಸಿದಾಗ ತುಂಡುಗಳ ತಳ ಒಂದೇ ಮಟ್ಟಕ್ಕೆ ಬರುತ್ತದೆ. ಒಂದು ತುಂಡಿನಲ್ಲಿ ಭಿನ್ನರಾಶಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸಾಲು ಮೇಲೆ ಕೆಳಗೆ ಆಗುತ್ತದೆ. ಆಗ ಆಫ್‌ಸೆಟ್‌ಬಾಕ್ಸ್ ಒಳಗಿನ ಟೆಕ್ಸ್ಟ್‌ಏರಿಯಾ ಮತ್ತು ಎಚ್‌ಪ್ಯಾಕರ್ ಬಳಸಿ, ಅಲೈನ್ ಅನ್ನುವುದಕ್ಕೆ ಬೇಸ್‌ಲೈನ್ ಕೊಡಿ. ವೈ ಅಕ್ಷದ ನಿಂತ ಲೇಬಲ್‌ಗೆ ವಿಪ್ಯಾಕರ್ ಇದೆ. ಅದು ಮೇಲಿಂದ ಕೆಳಕ್ಕೆ ಜೋಡಿಸುತ್ತದೆ, ನಾವು ಓದುವುದು ಕೆಳಗಿಂದ ಮೇಲಕ್ಕೆ. ಹಾಗಾಗಿ ತುಂಡುಗಳನ್ನು ಹಿಂದುಮುಂದಾಗಿ ಕೊಡಬೇಕು.

ಸಮೀಕರಣ ಇಲ್ಲ, ಬರೀ ಮಾತು ಅಂದರೆ ಹೈಲೈಟ್ ಟೆಕ್ಸ್ಟ್ ಅನ್ನುವ ಸಣ್ಣ ಪೈಥಾನ್ ಪ್ಯಾಕೇಜ್ ಇದೆ. ಬಣ್ಣ ಬೇಕಾದ ಪದವನ್ನು ಕೋನ ಚಿಹ್ನೆಗಳ ನಡುವೆ ಇಟ್ಟರೆ ಸಾಕು.

## ಬೇರೆ ಸಾಫ್ಟ್‌ವೇರ್‌ಗಳಲ್ಲಿ

ಮ್ಯಾಟ್‌ಲ್ಯಾಬ್‌ನಲ್ಲಿ ಟೆಕ್ ಇಂಟರ್‌ಪ್ರಿಟರ್‌ನಲ್ಲಿ ಬಣ್ಣ ಬರುತ್ತೆ, ಲೇಟೆಕ್‌ಗೆ ಬದಲಾಯಿಸಿದ್ರೆ ಬರಲ್ಲ. ಉಲ್ಟಾ ಅಲ್ವಾ ಇದು?

ಹೆಸರು ಕೇಳಿದರೆ ಉಲ್ಟಾ ಅನಿಸುತ್ತದೆ, ನಿಜ. ಇಲ್ಲೂ ಪ್ರಶ್ನೆ ಅದೇ, ಅಕ್ಷರ ಬರೆಯುವುದು ಯಾರು. ಮ್ಯಾಟ್‌ಲ್ಯಾಬ್‌ನಲ್ಲಿ ಬರಹವನ್ನು ಓದಿ ಬಿಡಿಸುವ ಭಾಗಕ್ಕೆ ಇಂಟರ್‌ಪ್ರಿಟರ್ ಅಂತ ಹೆಸರು, ಅದು ತಾನಾಗಿ ಬಳಸುವುದು ಟೆಕ್ ಇಂಟರ್‌ಪ್ರಿಟರ್. ಅದಕ್ಕೆ ಕಲರ್ ಅನ್ನುವ ಕಮಾಂಡ್ ಗೊತ್ತು. ರೆಡ್, ಬ್ಲೂ, ಆರೆಂಜ್ ತರಹದ ಕೆಲವು ಹೆಸರು ಕೊಡಬಹುದು. ಚೌಕ ಬ್ರ್ಯಾಕೆಟ್‌ನಲ್ಲಿ ಆರ್‌ಜಿಬಿ ಅಂತ ಹೇಳಿ 0ರಿಂದ 1ರ ನಡುವಿನ ಮೂರು ಸಂಖ್ಯೆಯನ್ನೂ ಕೊಡಬಹುದು. ಆದರೆ ಈ ಟೆಕ್‌ಗೆ ಭಿನ್ನರಾಶಿ ಬರೆಯುವ ಫ್ರ್ಯಾಕ್ ಗೊತ್ತಿಲ್ಲ. ಲೇಟೆಕ್ ಇಂಟರ್‌ಪ್ರಿಟರ್‌ಗೆ ಫ್ರ್ಯಾಕ್ ಗೊತ್ತು, ಆದರೆ ಅದಕ್ಕೆ ಎಕ್ಸ್‌ಕಲರ್ ಪ್ಯಾಕೇಜ್ ಸೇರಿಸಲು ಆಗುವುದಿಲ್ಲ.

ಭಿನ್ನರಾಶಿಯೂ ಬೇಕು, ಬಣ್ಣವೂ ಬೇಕು ಅಂದರೆ ತುಂಡು ಮಾಡುವ ದಾರಿಯೇ ಗತಿ. ಪ್ರತಿ ತುಂಡನ್ನೂ ಬೇರೆ ಟೆಕ್ಸ್ಟ್ ಆಗಿ ಇಡಿ. ಅದರ ಎಕ್ಸ್‌ಟೆಂಟ್ ಓದಿದರೆ ಅಗಲ ಗೊತ್ತಾಗುತ್ತದೆ, ಮುಂದಿನ ತುಂಡನ್ನು ಅಲ್ಲಿಂದ ಶುರು ಮಾಡಿ.

ಗ್ನುಪ್ಲಾಟ್‌ನಲ್ಲಿ ಯಾವ ಟರ್ಮಿನಲ್ ಹಾಕ್ಬೇಕು?

ಕೈರೋಲೇಟೆಕ್, ಎಪ್ಸ್‌ಲೇಟೆಕ್, ಟಿಕ್‌ಜೆಡ್. ಈ ಮೂರರಲ್ಲಿ ಯಾವುದಾದರೂ ಸರಿ. ಟರ್ಮಿನಲ್ ಅಂದರೆ ಗ್ನುಪ್ಲಾಟ್ ತನ್ನ ಚಿತ್ರವನ್ನು ಯಾವ ರೂಪದಲ್ಲಿ ಕೊಡಬೇಕು ಅನ್ನುವ ಆಯ್ಕೆ. ಗೆರೆಗಳನ್ನು ಗ್ನುಪ್ಲಾಟ್ ಬಿಡಿಸುತ್ತದೆ, ಲೇಬಲ್‌ಗಳನ್ನು ಇದ್ದ ಹಾಗೇ ಲೇಟೆಕ್‌ಗೆ ದಾಟಿಸುತ್ತದೆ. ನಾನು ಕೊಡುವ ಸಲಹೆ ಕೈರೋಲೇಟೆಕ್, ಪಿಡಿಎಫ್, ಸ್ಟ್ಯಾಂಡ್‌ಅಲೋನ್. ಹೆಡರ್ ಅನ್ನುವ ಆಯ್ಕೆಯಲ್ಲಿ ಎಕ್ಸ್‌ಕಲರ್ ಸೇರಿಸಿ. ಆಮೇಲೆ ಬಂದ ಟೆಕ್ ಫೈಲನ್ನು ಪಿಡಿಎಫ್‌ಲೇಟೆಕ್‌ಗೆ ಕೊಡಿ. ಬ್ಲ್ಯಾಕ್‌ಟೆಕ್ಸ್ಟ್ ಅನ್ನುವ ಆಯ್ಕೆ ಹಾಕಿದ್ದರೆ ತೆಗೆಯಿರಿ, ಅದು ಬರಹವನ್ನು ಕಪ್ಪು ಮಾಡಲೆಂದೇ ಇರುವುದು.

ಇಷ್ಟೆಲ್ಲ ಒದ್ದಾಡೋ ಬದಲು ಲೇಟೆಕ್ ಒಳಗೇ ಗ್ರಾಫ್ ಬಿಡಿಸಿದ್ರೆ?

ಒಳ್ಳೆಯ ಯೋಚನೆ. ಪಿಜಿಎಫ್‌ಪ್ಲಾಟ್ಸ್ ಇರುವುದೇ ಅದಕ್ಕೆ. ಕ್ರಿಶ್ಚಿಯನ್ ಫ್ಯೂರ್‌ಸ್ಯಾಂಗರ್ ಬರೆದ ಈ ಪ್ಯಾಕೇಜ್, ಲೇಟೆಕ್ ಒಳಗೆ ಚಿತ್ರ ಬಿಡಿಸುವ ಟಿಕ್‌ಜೆಡ್ ಮೇಲೆ ನಿಂತಿದೆ. ಬಣ್ಣ ಎಲ್ಲಿ ಬೇಕಾದರೂ ಬರುತ್ತದೆ. ಶೀರ್ಷಿಕೆಯಲ್ಲಿ ಕಾಮಾ ಅಥವಾ ಚೌಕ ಬ್ರ್ಯಾಕೆಟ್ ಇದ್ದರೆ ಇಡೀ ಶೀರ್ಷಿಕೆಯನ್ನು ಕರ್ಲಿ ಬ್ರ್ಯಾಕೆಟ್ ಒಳಗೆ ಇಡಿ, ಇಲ್ಲದಿದ್ದರೆ ಅರ್ಥವಾಗದ ಎರರ್ ಬರುತ್ತದೆ. ಲಕ್ಷಗಟ್ಟಲೆ ಬಿಂದು ಇರುವ ಡೇಟಾಗೆ ಇದು ಬೇಡ. ಟೆಕ್‌ನ ಮೆಮೊರಿ ಸಾಲದೆ ನಿಂತುಬಿಡುತ್ತದೆ.

## ಬಣ್ಣ ಕೂಡಿಬರಬೇಕಾದರೆ

ಗೆರೆನೂ ಗ್ರೀನ್, ಪದಾನೂ ಗ್ರೀನ್ ಅಂತ ಕೊಟ್ಟಿದೀನಿ. ಆದ್ರೆ ಎರಡೂ ಬೇರೆ ಬೇರೆ ಹಸಿರು ಕಾಣ್ತಿದೆ.

ಕಣ್ಣು ಸರಿಯಾಗೇ ಹೇಳುತ್ತಿದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಗ್ರೀನ್ ಅಂದರೆ 008000 ಅನ್ನುವ ಬಣ್ಣದ ಕೋಡ್, ಮಾವಿನೆಲೆಯ ಗಾಢ ಹಸಿರಿಗೆ ಹತ್ತಿರ. ಎಕ್ಸ್‌ಕಲರ್‌ನ ಗ್ರೀನ್ ಅಂದರೆ ಹಸಿರಿನ ಪೂರ್ತಿ ಬಲ, 00ಎಫ್‌ಎಫ್00. ಬಿಳಿ ಹಾಳೆಯ ಮೇಲೆ ಅದು ಕಣ್ಣು ಕುಕ್ಕುತ್ತದೆ, ಓದಲೂ ಕಷ್ಟ. ಹೆಸರು ಒಂದೇ, ಬಣ್ಣ ಎರಡು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಬಣ್ಣ ಹೇಳದೆ ಗೆರೆ ಎಳೆದರೆ ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಪಟ್ಟಿಯ ಬಣ್ಣ ಹಾಕುತ್ತದೆ. 2017ರಲ್ಲಿ ಬಂದ 2.0ರಿಂದ ಮೊದಲ ಗೆರೆ 1ಎಫ್77ಬಿ4 ಅನ್ನುವ ನೀಲಿ, ಎರಡನೆಯದು ಎಫ್‌ಎಫ್7ಎಫ್0ಇ ಅನ್ನುವ ಕಿತ್ತಳೆ. ಲೇಟೆಕ್‌ನ ಬ್ಲೂ ಇದರ ಜೊತೆ ಕೂಡುವುದಿಲ್ಲ.

ಹೆಸರನ್ನು ನಂಬದೆ ಕೋಡ್ ನಂಬಿ. ಪ್ರಿಯಾಂಬಲ್‌ನಲ್ಲಿ ಡಿಫೈನ್‌ಕಲರ್ ಹಾಕಿ, ನೀವೇ ಒಂದು ಹೆಸರಿಡಿ, ಮಾದರಿ ಎಚ್‌ಟಿಎಂಎಲ್ ಅಂತ ದೊಡ್ಡಕ್ಷರದಲ್ಲಿ ಕೊಡಿ, ಆಮೇಲೆ ಆರು ಅಂಕಿಯ ಕೋಡ್. ಹ್ಯಾಶ್ ಚಿಹ್ನೆ ಬೇಡ. ಟೆಕ್‌ನಲ್ಲಿ ಹ್ಯಾಶ್‌ಗೆ ಬೇರೆ ಅರ್ಥ ಇದೆ. ಅದೇ ಕೋಡನ್ನು ಪೈಥಾನ್‌ನಲ್ಲಿ ಗೆರೆಗೂ ಕೊಡಿ, ಅಲ್ಲಿ ಹ್ಯಾಶ್ ಬೇಕು.

ಒಂದು ಪದಕ್ಕೆ ಕೆಂಪು ಹಾಕಿದ್ರೆ ಅಲ್ಲಿಂದ ಮುಂದೆಲ್ಲ ಕೆಂಪಾಗಿದೆ.

ನೀವು ಟೆಕ್ಸ್ಟ್‌ಕಲರ್ ಬದಲು ಕಲರ್ ಹಾಕಿದ್ದೀರಿ. ಕಲರ್ ಒಮ್ಮೆ ಶುರುವಾದರೆ ಆ ಕರ್ಲಿ ಬ್ರ್ಯಾಕೆಟ್ ಮುಚ್ಚುವವರೆಗೂ ಬಿಡುವುದಿಲ್ಲ.

ಪ್ಲಸ್‌ಗೆ, ಈಕ್ವಲ್‌ಗೆ ಬಣ್ಣ ಹಾಕಿದ್ರೆ ಅಕ್ಕಪಕ್ಕದ ಜಾಗ ಮಾಯ ಆಗುತ್ತೆ. ನನ್ನ ಗೈಡ್ ಒಪ್ತಿಲ್ಲ.

ನಿಮ್ಮ ಗೈಡ್ ಹೇಳಿದ್ದು ಸರಿ. ಟೆಕ್ ಸಮೀಕರಣದ ಪ್ರತಿ ಚಿಹ್ನೆಗೂ ಒಂದು ಜಾತಿ ಕೊಟ್ಟಿದೆ. ಪ್ಲಸ್ ಎರಡು ಪದಗಳನ್ನು ಸೇರಿಸುವ ಜಾತಿ, ಈಕ್ವಲ್ ಸಂಬಂಧ ಹೇಳುವ ಜಾತಿ. ಜಾತಿ ನೋಡಿ ಅಕ್ಕಪಕ್ಕ ಎಷ್ಟು ಜಾಗ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಟೆಕ್ಸ್ಟ್‌ಕಲರ್ ಒಳಗೆ ಪ್ಲಸ್ ಹಾಕಿದಾಗ ಅದು ಎ, ಬಿ ತರಹದ ಮಾಮೂಲಿ ಅಕ್ಷರ ಆಗಿಬಿಡುತ್ತದೆ. ಜಾಗ ಹೋಗುವುದು ಅದಕ್ಕೇ.

ಹಳೆಯ ಲೇಟೆಕ್‌ನಲ್ಲಿ ಅದನ್ನು ಮ್ಯಾತ್‌ಬಿನ್ ಅಥವಾ ಮ್ಯಾತ್‌ರೆಲ್ ಒಳಗೆ ಸುತ್ತಬೇಕು. ಪ್ಲಸ್‌ಗೆ ಮೊದಲನೆಯದು, ಈಕ್ವಲ್‌ಗೆ ಎರಡನೆಯದು. 2022ರಿಂದ ಮ್ಯಾತ್‌ಕಲರ್ ಅನ್ನುವ ಕಮಾಂಡ್ ಬಂದಿದೆ. ಅದು ಬಣ್ಣ ಹಾಕಿಯೂ ಜಾಗ ಕೆಡಿಸುವುದಿಲ್ಲ. ನಾನಂತೂ ಪದಗಳಿಗೆ ಮಾತ್ರ ಬಣ್ಣ ಕೊಟ್ಟು, ಪ್ಲಸ್ ಮತ್ತು ಈಕ್ವಲ್ ಅನ್ನು ಕಪ್ಪಾಗೇ ಬಿಡುತ್ತೇನೆ. ಸ್ಪ್ರಿಂಗ್ ಉದಾಹರಣೆಯಲ್ಲಿ ಚಲನ ಶಕ್ತಿಯ ಪದ ನೀಲಿ, ಪ್ರಚ್ಛನ್ನ ಶಕ್ತಿಯ ಪದ ಕಿತ್ತಳೆ, ನಡುವಿನ ಪ್ಲಸ್ ಎರಡಕ್ಕೂ ಸೇರಿದ್ದು. ಅದಕ್ಕೆ ಬಣ್ಣ ಯಾಕೆ ಬೇಕು?

ಬಣ್ಣ ಗುರುತಿಸೋಕೆ ಕಷ್ಟ ಇರೋರಿಗೆ, ಜೆರಾಕ್ಸ್ ಮಾಡಿಸಿದವರಿಗೆ ಏನು ಗತಿ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಋಣಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲೇ ಸುಮಾರು 8% ಜನರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಪರೀಕ್ಷಕರೂ ಅವರಲ್ಲೊಬ್ಬರು ಇರಬಹುದು. ಬಣ್ಣವೇ ಲೆಜೆಂಡ್ ಆದಾಗ ಈ ಜವಾಬ್ದಾರಿ ಇನ್ನೂ ಜಾಸ್ತಿ.

ಜಪಾನಿನ ಮಸತಾಕ ಒಕಾಬೆ ಮತ್ತು ಕೇ ಇತೊ ರೂಪಿಸಿದ ಎಂಟು ಬಣ್ಣಗಳ ಪಟ್ಟಿ ಇದಕ್ಕೆಂದೇ ಇದೆ. ಅದರಲ್ಲಿ ಬರಹಕ್ಕೆ ನಾನು ಆರಿಸುವುದು 0072ಬಿ2 ಅನ್ನುವ ನೀಲಿ ಮತ್ತು ಡಿ55ಇ00 ಅನ್ನುವ ಕೆಂಪು ಕಿತ್ತಳೆ. ಅದೇ ಪಟ್ಟಿಯ ಹಳದಿ ಗೆರೆಗೂ ಕಷ್ಟ, ಸಣ್ಣ ಅಕ್ಷರಕ್ಕಂತೂ ಬೇಡವೇ ಬೇಡ. ಜೆರಾಕ್ಸ್‌ಗಾಗಿ ಒಂದು ಗೆರೆಯನ್ನು ತುಂಡು ಗೆರೆ ಮಾಡಿ, ಅದರ ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ.

ಕನ್ನಡದಲ್ಲಿ ಲೇಬಲ್ ಹಾಕಿದ್ರೆ ಒತ್ತಕ್ಷರ ಒಡೆದು ಹೋಗುತ್ತೆ. ಅದಕ್ಕೂ ಬಣ್ಣ ಹಾಕೋಕೆ ಆಗುತ್ತಾ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋದಾಗ "ಶಕ್ತಿ" ಅನ್ನುವುದರ ತ ಒತ್ತು ಕೆಳಗೆ ಹೋಗುವುದಿಲ್ಲ. ಪಿಜಿಎಫ್ ಬ್ಯಾಕೆಂಡ್ ಜೊತೆ ಜೀಲೇಟೆಕ್ ಓಡಿಸಿ. ಪ್ರಿಯಾಂಬಲ್‌ನಲ್ಲಿ ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ನ್ಯೂಫಾಂಟ್‌ಫ್ಯಾಮಿಲಿ ಕಮಾಂಡ್‌ನಿಂದ ನೋಟೊ ಸಾನ್ಸ್ ಕನ್ನಡ ಫಾಂಟ್‌ಗೆ ಒಂದು ಹೆಸರಿಡಿ, ಸ್ಕ್ರಿಪ್ಟ್ ಕನ್ನಡ ಅಂತ ಹೇಳಿ. ಲೇಬಲ್‌ನಲ್ಲಿ ಆ ಹೆಸರು ಹಾಕಿ ಕನ್ನಡ ಬರೆಯಿರಿ. ಅಕ್ಷದ ಅಂಕಿಗಳು ತಮ್ಮ ಹಳೆಯ ಫಾಂಟ್‌ನಲ್ಲೇ ಇರುತ್ತವೆ.

ಬಣ್ಣದ ಆವರಣ ಇಡೀ ಪದವನ್ನು ಸುತ್ತಿರಬೇಕು. ಒತ್ತಕ್ಷರಕ್ಕೆ ಮಾತ್ರ ಬೇರೆ ಬಣ್ಣ ಹಾಕಲು ಹೋದರೆ ಬಣ್ಣದ ಸೂಚನೆ ಅಕ್ಷರದ ನಡುವೆ ಬಂದು ಜೋಡಣೆಯನ್ನು ಕತ್ತರಿಸುತ್ತದೆ. "ಶಕ್" ಒಂದು ಕಡೆ, "ತಿ" ಇನ್ನೊಂದು ಕಡೆ ಆಗುತ್ತದೆ. ಪ್ರತ್ಯಯದ ವಿಷಯದಲ್ಲೂ ಅಷ್ಟೇ. "ಶಕ್ತಿಯ" ಅನ್ನುವುದರಲ್ಲಿ "ಶಕ್ತಿ" ನೀಲಿ, "ಯ" ಕಪ್ಪು ಮಾಡಬಹುದು, ಯಾಕೆಂದರೆ ಅಲ್ಲಿ ಅಕ್ಷರ ಪೂರ್ತಿಯಾಗಿ ಮುಗಿದಿದೆ. "ಕಾಲದಲ್ಲಿ" ಅನ್ನುವುದರಲ್ಲಿ "ಕಾಲದ" ಆದ ಮೇಲೆ ಬಣ್ಣ ಬದಲಿಸಿದರೂ ಸರಿ, ಆದರೆ "ಲ್ಲಿ" ನಡುವೆ ಬದಲಿಸಬೇಡಿ.